ಏಳು ಸೈಕಲ್ಲು, ಎರಡು ಕಾಲು

ಕ್ಯಾರಿಯರ್ ಗೆಳೆಯಾ,

ನೀನು ಫೋನ್ ಎತ್ತುವುದಿಲ್ಲ. ಅದಕ್ಕೇ ಎಲ್ಲರೆದುರು ಬರೆಯುತ್ತಿದ್ದೇನೆ. ಊರೆಲ್ಲ ಓದಲಿ, ನಿನಗೆ ನಾಚಿಕೆಯಾಗಲಿ.

ಏಳನೆಯದು ಬಂತು ಮಾರಾಯ. ಹೌದು, ಸೈಕಲ್ಲೇ. ಶಿವಮೊಗ್ಗ ವಿನೋಬನಗರದ ಈ ಎರಡು ಕೋಣೆಯ ಮನೆಯಲ್ಲಿ ಈಗ ಮನುಷ್ಯರು ಮೂವರು, ಸೈಕಲ್ಲು ಏಳು. ಎರಡು ಹಾಲ್ ಗೋಡೆಯ ಕೊಕ್ಕೆಗೆ ನೇತಾಡುತ್ತಿವೆ. ಒಂದು ದೇವರ ಗೂಡಿನ ಪಕ್ಕ, ದಿನಾ ಮಂಗಳಾರತಿ ಅದಕ್ಕೂ ಸಿಗುತ್ತದೆ. ಗೇರಿನದ್ದು ಚಕ್ರ ಬಿಚ್ಚಿಕೊಂಡು ಮಂಚದ ಕೆಳಗೆ ಮಲಗಿದೆ. ಎರಡು ಬಾಲ್ಕನಿಯಲ್ಲಿ, ಟಾರ್ಪಾಲ್ ಹೊದ್ದುಕೊಂಡು. ಅಪ್ಪನ ಅಟ್ಲಾಸ್ ಎಲ್ಲಿದೆ ಅಂತ ಆಮೇಲೆ ಹೇಳುತ್ತೇನೆ.

ಮಳೆಗಾಲದಲ್ಲಿ ಮಾತ್ರ ನನ್ನ ಹೆಂಡತಿಗೆ ಇವುಗಳ ಮೇಲೆ ಪ್ರೀತಿ. ಆಷಾಢದಲ್ಲಿ ಇಲ್ಲಿ ಒಂದು ಚಡ್ಡಿ ಒಣಗಲು ಮೂರು ದಿನ ಬೇಕು, ನಿನಗೆ ಗೊತ್ತಲ್ಲ. ಹ್ಯಾಂಡಲ್ಲಿಗೆ ಟವೆಲ್, ಬಾರಿಗೆ ಸೀರೆ, ಪೆಡಲ್ಲಿಗೆ ಮಗಳ ಸಾಕ್ಸು. ಆ ತೇವಕ್ಕೆ ರಿಮ್ಮೆಲ್ಲ ತುಕ್ಕು. ಭಾನುವಾರ ಬೆಳಿಗ್ಗೆ ಕಡ್ಡಿ ಕಡ್ಡಿಗೂ ಹೊಲಿಗೆ ಮಿಷನ್ ಎಣ್ಣೆ ಹಚ್ಚಿ ಒರೆಸುತ್ತೇನೆ. ಆಮೇಲೆ ಏಳಕ್ಕೂ ಗಾಳಿ.

ಓಡಿಸುವುದು ಒಂದನ್ನು. ಅದೂ ಹಾಲು ತರಲು. ಮೊನ್ನೆ ಸಕ್ರೆಬೈಲಿನ ಆನೆ ಬಿಡಾರದ ತನಕ ಹೋದೆ, 14 ಕಿಲೋಮೀಟರ್ ಅಷ್ಟೇ. ವಾಪಸ್ ಬರಲು ಒಂದು ಆನೆ ಕೊಡಿ ಅಂತ ಕೇಳುವುದೊಂದು ಬಾಕಿ. ಆಗುಂಬೆ ಘಾಟಿಯ 14 ತಿರುವು ಹತ್ತುತ್ತೇವೆ ಅಂದಿದ್ದೆವಲ್ಲ, ನೆನಪಿದೆಯಾ?

ಹೋದ ಭಾನುವಾರ ಮಗಳು ಕೇಳಿದಳು, "ಓಡಿಸಲ್ಲ ಅಂದ್ಮೇಲೆ ಗಾಳಿ ಯಾಕಪ್ಪಾ ಹಾಕ್ತೀಯ?"

ಪಂಪ್ ಹಿಡಿದು ಹಾಗೇ ನಿಂತೆ.

ಅಪ್ಪ ಗೋಪಿ ಸರ್ಕಲ್ ಹತ್ತಿರ ಎರಡು ಸಲ ಬಿದ್ದರಲ್ಲ. ಬೇಡ ಅಂದರೆ ಕೇಳುವವರಲ್ಲ. ಒಂದು ರಾತ್ರಿ ನಾನೇ ಅಟ್ಲಾಸಿನ ಎರಡೂ ವಾಲ್ವ್ ಬಿಚ್ಚಿ ಜೇಬಿಗೆ ಹಾಕಿಕೊಂಡೆ. "ಪಂಕ್ಚರ್ ಆಗಿದೆ ಅಪ್ಪ, ಶಾಪಿನವನಿಗೆ ಹೇಳಿದ್ದೀನಿ" ಅಂದೆ. ಎಂಟು ತಿಂಗಳು ಇದೇ ಮಾತು. ನಡುವೆ ಲಾಕ್‌ಡೌನ್ ಬಂದು ನನ್ನ ಸುಳ್ಳಿಗೆ ಒಳ್ಳೆಯ ನೆಪ ಸಿಕ್ಕಿತು. ದಿನಾ ಬೆಳಿಗ್ಗೆ ಅವರು ಟೈರ್ ಒತ್ತಿ ನೋಡುತ್ತಿದ್ದರು. 2020ರ ಜೂನ್ 3ಕ್ಕೆ, ವಿಶ್ವ ಬೈಸಿಕಲ್ ದಿನದಂದೇ, ಸಾಹಿಬಾಬಾದಿನ ಅಟ್ಲಾಸ್ ಕಾರ್ಖಾನೆ ಕೆಲಸ ನಿಲ್ಲಿಸಿತು. ಪೇಪರ್ ಮಡಚಿಟ್ಟು ಅಪ್ಪ ಅಂದರು, "ಹಾಗಾದ್ರೆ ನಿನ್ನ ಶಾಪಿನವನಿಗೆ ಇನ್ನು ಸ್ಪೇರ್ ಸಿಗೋದಿಲ್ಲ, ಬಿಡು."

ಜೀವಮಾನವೆಲ್ಲ ತಮ್ಮ ಪಂಕ್ಚರ್ ತಾವೇ ಹಾಕಿಕೊಂಡವರು. ಉಪ್ಪುಕಾಗದ, ಸೊಲ್ಯೂಷನ್ ಇದ್ದ ಡಬ್ಬಿ ಅಟ್ಟದ ಮೇಲೇ ಇತ್ತು. ವಾಲ್ವ್ ಇಲ್ಲ ಅನ್ನುವುದು ಕಾಣದಷ್ಟು ಕಣ್ಣು ಹೋಗಿರಲಿಲ್ಲ. ಒಂದು ದಿನವೂ ಕೇಳಲಿಲ್ಲ.

ಅವರು ಹೋದ ಮೇಲೆ ವಾಲ್ವ್ ಹಾಕಿ ಗಾಳಿ ತುಂಬಿದೆ. ನಿಂತಿತು. ಆಮೇಲೆ ಎರಡನೆಯದು ಕೊಂಡೆ. ಮೂರನೆಯದು. ಗಾಳಿ ಇಲ್ಲದ ಸೈಕಲ್ಲು ಮನೆಯಲ್ಲಿದ್ದರೆ ನನಗೆ ನಿದ್ದೆ ಬರುವುದಿಲ್ಲ ಕಣೋ.

ಥೂ, ಎಲ್ಲಿಂದ ಎಲ್ಲಿಗೆ ಬಂದೆ. ನಿನ್ನ ಕಾಲೆಳೆಯೋಣ ಅಂತ ಕೂತಿದ್ದು.

ಅಟ್ಲಾಸ್ ಅಡುಗೆಮನೆಯಲ್ಲಿದೆ, ಸಿಲಿಂಡರ್ ಪಕ್ಕ. ಕ್ಯಾರಿಯರ್ ಮೇಲೆ ಈಗ ಈರುಳ್ಳಿ ಬುಟ್ಟಿ. ನೀನು ಬಂದರೆ ಇಳಿಸುತ್ತೇನೆ. ಆದರೆ ಫೋಟೋದಲ್ಲಿ ನಿನ್ನ ಹೊಟ್ಟೆ ನೋಡಿದೆ. ಈ ಸಲ ನೀನು ತುಳಿ, ನಾನು ಹಿಂದೆ ಕೂರುತ್ತೇನೆ.

ಇಂತಿ ನಿನ್ನ,
ಬೆಲ್ಲಿಲ್ಲದ ಬ್ರೇಕು