ಈ ಭಾನುವಾರ ಚಿಕ್ಕಂದಿನ ಪುಸ್ತಕ ತನ್ನಿ

ನಮ್ಮ ಓದುವ ಬಳಗದ ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಬೆಳಿಗ್ಗೆ 10 ಗಂಟೆಗೆ, ಎಂದಿನಂತೆ ಪಾರ್ಕಿನ ಮಂಟಪದಲ್ಲಿ ಸೇರೋಣ. ಈ ತಿಂಗಳು ಹೊಸ ಪುಸ್ತಕ ಇಲ್ಲ. ಓದೋಕೆ ಕೂತರೆ ಎರಡು ಪುಟಕ್ಕೇ ಕೈ ಮೊಬೈಲ್ ಕಡೆ ಹೋಗುತ್ತದೆ ಅಂತ ಸುಮಾರು ಜನ ಹೇಳಿದ್ದೀರಿ. ಅದಕ್ಕೇ, ಚಿಕ್ಕವರಿದ್ದಾಗ ಊಟಕ್ಕೆ ಕರೆದರೂ ಏಳದೆ ಓದಿದ ಒಂದು ಪುಸ್ತಕವನ್ನು ಮತ್ತೆ ಓದಿ, ಜೊತೆಗೆ ತನ್ನಿ.

ದಪ್ಪ ಪುಸ್ತಕವೇ ಆಗಬೇಕಿಲ್ಲ. ಭಾರತ ಭಾರತಿ ಮಾಲೆಯ ಪುಟ್ಟ ಪುಸ್ತಕವನ್ನು ಒಂದೇ ಸಲ ಕೂತು ಮುಗಿಸಬಹುದು. ಹಳೆಯ ಚಂದಮಾಮ ಇದ್ದರೆ ಬೇತಾಳನ ಕಥೆಯಿಂದ ಶುರುಮಾಡಿ. ಬೇತಾಳ ಪ್ರಶ್ನೆ ಕೇಳಿದ ಕೂಡಲೇ ಪುಸ್ತಕ ಮುಚ್ಚಿ, ನಿಮ್ಮ ಉತ್ತರ ಯೋಚಿಸಿ, ಆಮೇಲೆ ವಿಕ್ರಮನ ಉತ್ತರ ಓದಿ. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನಂತೂ ಗಟ್ಟಿಯಾಗಿಯೇ ಓದಬೇಕು. ಕಥೆ ಬ್ರೌನಿಂಗ್‌ನ ಇಂಗ್ಲಿಷ್ ಕವನದ್ದು, ನಿಜ. ಆದರೆ ಇಲಿಗಳ ದಂಡು ಬರುವ ಆ ಸಾಲುಗಳು ನಾಲಿಗೆ ಮೇಲೆ ಕುಣಿಯುವುದು ಅಪ್ಪಟ ಕನ್ನಡದಲ್ಲಿ. ಅದನ್ನು ಎಲ್ಲರೂ ಸೇರಿ ಓದೋಣ ಅಂತ ನನಗೆ ತುಂಬಾ ಆಸೆ.

ಪುಸ್ತಕ ಕೈಗೆ ಸಿಗ್ತಿಲ್ವಾ? ಅಟ್ಟ, ಅಮ್ಮನ ಟ್ರಂಕು ಹುಡುಕಿ. ಇಲ್ಲದಿದ್ದರೆ ಲೈಬ್ರರಿಯ ಮಕ್ಕಳ ವಿಭಾಗ ಇದ್ದೇ ಇದೆ. ದಿನಕ್ಕೆ 15 ನಿಮಿಷ ಸಾಕು, ಫೋನು ಮಾತ್ರ ಬೇರೆ ಕೋಣೆಯಲ್ಲಿರಲಿ. ಹಿಡಿಸದಿದ್ದರೆ ಬಿಟ್ಟು ಇನ್ನೊಂದು ತೆಗೆದುಕೊಳ್ಳಿ. ಮಕ್ಕಳನ್ನೂ ಕರೆದುಕೊಂಡು ಬನ್ನಿ.

ಗುರುವಾರ ರಾತ್ರಿಯೊಳಗೆ ಪುಸ್ತಕದ ಹೆಸರನ್ನು ಇಲ್ಲೇ ಹಾಕಿ. ಎರಡು ಪ್ರತಿ ಇದ್ದವರು ದಯವಿಟ್ಟು ತಿಳಿಸಿ, ಇಲ್ಲದವರಿಗೆ ಕೊಡಬಹುದು.