ಸಲಹೆ ಕೊಡಲಿ, ಒತ್ತಕ್ಷರ ಒಡೆಯದಿರಲಿ

ಮಾನ್ಯ ಸಂಪಾದಕರೇ,

ಟೈಪಿಸುತ್ತಿದ್ದಂತೆ ಪದದ ಉಳಿದ ಭಾಗವನ್ನು ಸಲಹೆಯಾಗಿ ಮಸುಕಾಗಿ ತೋರಿಸುವ ವೆಬ್ ಇನ್‌ಪುಟ್‌ಗಳು (ಪುಟದಲ್ಲಿ ಟೈಪಿಸುವ ಚೌಕಗಳು) ಕನ್ನಡದಲ್ಲಿ ಎಡವುವುದುಂಟು. ಕೀಲಿಮಣೆ ಇನ್ನೂ ಅಕ್ಷರ ಜೋಡಿಸುತ್ತಿರುವಾಗಲೇ ಕೋಡ್ ಮಧ್ಯೆ ಬಾಯಿ ಹಾಕಿ ಇನ್‌ಪುಟ್‌ನ ಮೌಲ್ಯವನ್ನು, ಅಂದರೆ ಅದರಲ್ಲಿರುವ ಪಠ್ಯವನ್ನು, ಬದಲಿಸಿದರೆ ಒತ್ತಕ್ಷರ ಕೆಡುತ್ತದೆ. ‘ಕಾಂಪೊಸಿಷನ್‌ಸ್ಟಾರ್ಟ್’ (ಅಕ್ಷರ ಜೋಡಣೆ ಶುರುವಾಯಿತೆಂಬ ಬ್ರೌಸರ್ ಸೂಚನೆ) ಬಂದೊಡನೆ ಸಲಹೆ ಅಡಗಿಸಿ, ‘ಕಾಂಪೊಸಿಷನ್‌ಎಂಡ್’ (ಜೋಡಣೆ ಮುಗಿಯಿತೆಂಬ ಸೂಚನೆ) ಬಂದ ಮೇಲಷ್ಟೇ ತೋರಿಸಬೇಕು.

ಸಲಹೆ ಇರಬೇಕಾದದ್ದು ಮೌಲ್ಯದಲ್ಲಲ್ಲ, ಅದೇ ಫಾಂಟ್, ಅದೇ ಪ್ಯಾಡಿಂಗ್ (ಅಂಚಿನೊಳಗಿನ ಖಾಲಿ ಜಾಗ) ಇರುವ ಪ್ರತ್ಯೇಕ ಪದರದಲ್ಲಿ. ಉಳಿದ ಭಾಗ ಸ್ವರಚಿಹ್ನೆಯಿಂದಲೋ ಹಲಂತದಿಂದಲೋ ಶುರುವಾಗುವಂತಿದ್ದರೆ ತೋರಿಸಲೇಬೇಡಿ. ತೋರಿಸಿದರೆ, ಆಸರೆಯ ಅಕ್ಷರವಿಲ್ಲದ ಆ ಚಿಹ್ನೆಯ ಜೊತೆ ಚುಕ್ಕಿಗಳ ವೃತ್ತವೊಂದು ಬಂದು ಕೂರುತ್ತದೆ. ಇಂಗ್ಲಿಷಿನಲ್ಲಷ್ಟೇ ಪರೀಕ್ಷಿಸುವವರಿಗೆ ಇದು ಕಾಣುವುದೇ ಇಲ್ಲ!

ಕೀಲಿ ಒತ್ತಿ ಸುಮಾರು 150 ಮಿಲಿಸೆಕೆಂಡ್ ಕಾದು ಸರ್ವರ್‌ಗೆ ಕೇಳಿ, ಹಳೆಯ ಕೋರಿಕೆ ರದ್ದುಮಾಡಿ. ಟ್ಯಾಬ್ ಕೀಲಿ ಮುಂದಿನ ಚೌಕಕ್ಕೆ ಒಯ್ಯುವುದನ್ನು ಸಲಹೆ ಕಾಣುತ್ತಿರುವಾಗ ಮಾತ್ರ ತಡೆದು, ಆ ಸಲಹೆ ಒಪ್ಪಲು ಬಳಸಿ. ಇಲ್ಲವಾದರೆ ಮೌಸ್ ಬಳಸದವರು ಅಲ್ಲೇ ಸಿಕ್ಕಿಬೀಳುತ್ತಾರೆ.

– ಕೆಲವು ವೆಬ್ ಡೆವಲಪರ್‌ಗಳು