ಲಡಾಖ್ ಬೈಕ್ ಪ್ರವಾಸ: ಮೊದಲ ಎರಡು ದಿನ ಕಸಿದುಕೊಳ್ಳಬೇಡಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಲಡಾಖ್‌ಗೆ ಬೈಕ್‌ನಲ್ಲಿ ಹೋಗಿ ಬಂದವರ ಬರಹ ಓದಿದೆ. ಫೋಟೊಗಳು ತುಂಬಾ ಚೆನ್ನಾಗಿದ್ದವು. ಅದೇ ದಿನ ಸಂಜೆ ನಮ್ಮ ಬೀದಿಯ ಇಬ್ಬರು ಹುಡುಗರು ಮನೆಗೆ ಬಂದರು. 'ಅಂಕಲ್, ನೀವು ಎರಡು ಸಲ ಹೋಗಿ ಬಂದಿದ್ದೀರಲ್ಲ, ಈ ಪ್ಯಾಕೇಜ್ ಬುಕ್ ಮಾಡಬಹುದಾ ನೋಡಿ' ಅಂತ ಮೊಬೈಲ್ ತೋರಿಸಿದರು. ಐದು ರಾತ್ರಿ, ಆರು ಹಗಲು. ಮೊದಲ ದಿನ ವಿಮಾನದಲ್ಲಿ ಲೇಹ್. ಎರಡನೇ ದಿನ ಖರ್ದುಂಗ್ ಲಾ (ಲಾ ಅಂದರೆ ಬೆಟ್ಟ ದಾಟುವ ಘಾಟಿ) ದಾಟಿ ನುಬ್ರಾ ಕಣಿವೆ. ಮೂರನೇ ದಿನ ಪ್ಯಾಂಗಾಂಗ್ ಸರೋವರ. ನೋಡಿ ಎದೆ ಧಸಕ್ ಅಂತು. ಮೂರು ವರ್ಷದ ಹಿಂದೆ ನಾನು ಮೊದಲ ಸಲ ಹೋಗಿದ್ದೂ ಹೆಚ್ಚು ಕಡಿಮೆ ಇದೇ ಪ್ಲಾನ್‌ನಲ್ಲಿ. ಆ ಸಲ ನಮ್ಮ ಗುಂಪಿನ ಒಬ್ಬ ಹುಡುಗ ಸ್ವಲ್ಪದರಲ್ಲಿ ಉಳಿದುಕೊಂಡ. ಅದಕ್ಕೇ ಈ ಪತ್ರ.

ಸ್ವಲ್ಪ ಲೆಕ್ಕ ಹೇಳುತ್ತೇನೆ. ನಮ್ಮ ರಾಜ್ಯದಲ್ಲಿ ಅತಿ ಎತ್ತರದ ಬೆಟ್ಟ ಮುಳ್ಳಯ್ಯನಗಿರಿ, ಸುಮಾರು 1,930 ಮೀಟರ್. ಲೇಹ್‌ನ ವಿಮಾನ ನಿಲ್ದಾಣವೇ 3,256 ಮೀಟರ್ ಎತ್ತರದಲ್ಲಿದೆ. ದೆಹಲಿಯಲ್ಲಿ ವಿಮಾನ ಹತ್ತಿದವರು ಒಂದೂವರೆ ಗಂಟೆಯಲ್ಲಿ ಮೂರು ಸಾವಿರ ಮೀಟರ್ ಏರಿರುತ್ತಾರೆ, ಮೈಗೆ ಅದು ಗೊತ್ತೇ ಆಗಿರುವುದಿಲ್ಲ. ಮಾರನೇ ದಿನವೇ ಖರ್ದುಂಗ್ ಲಾ, 5,359 ಮೀಟರ್. ಅಲ್ಲಿ ಗಾಳಿಯ ಒತ್ತಡ ಸಮುದ್ರದ ದಡದಲ್ಲಿ ಇರುವುದರ ಅರ್ಧ ಮಾತ್ರ, ಒಂದು ಉಸಿರಿಗೆ ಸಿಗುವ ಆಮ್ಲಜನಕವೂ ಅರ್ಧವೇ. ಬೈಕ್‌ಗೂ ಅಷ್ಟೇ. ಹಳೇ ಕಾರ್ಬುರೇಟರ್ ಬುಲೆಟ್‌ಗಳು ಆ ಏರಿನಲ್ಲಿ ಎಳೆಯಲಾರದೆ ಕೆಮ್ಮುತ್ತವೆ. ಎಂಜಿನ್ ಕೆಮ್ಮಿದರೆ ಮೆಕ್ಯಾನಿಕ್ ಓಡಿ ಬರುತ್ತಾನೆ. ಹುಡುಗ ಕೆಮ್ಮಿದರೆ 'ಧೂಳಿರಬೇಕು ಬಿಡಿ' ಅಂದುಬಿಟ್ಟೆವು ನಾವು.

ಅವನಿಗೆ 26 ವರ್ಷ. ಹಾಸನದ ಕಡೆಯವನು. ದಿನಾ ಜಿಮ್‌ಗೆ ಹೋಗುವ ಗಟ್ಟಿ ಆಳು. ಲೇಹ್‌ನಲ್ಲಿ ಮೊದಲ ರಾತ್ರಿಯೇ ತಲೆನೋವು ಬಂದಿತ್ತಂತೆ, ಯಾರಿಗೂ ಹೇಳಲಿಲ್ಲ. ನುಬ್ರಾ ಕಣಿವೆ ಲೇಹ್‌ಗಿಂತ ತಗ್ಗು, ಅಲ್ಲಿ ಇಳಿದ ಮೇಲೆ ಸ್ವಲ್ಪ ಹಗುರಾಯಿತು, ಸರಿಹೋಯಿತು ಅಂದುಕೊಂಡ. ಮೂರನೇ ರಾತ್ರಿ ಪ್ಯಾಂಗಾಂಗ್ ದಂಡೆಯ ಟೆಂಟ್‌ನಲ್ಲಿ ಮಲಗಿದೆವು, 4,200 ಮೀಟರ್‌ಗಿಂತ ಎತ್ತರದಲ್ಲಿ. ರಾತ್ರಿ ಹನ್ನೊಂದರ ಹೊತ್ತಿಗೆ ಅವನಿಗೆ ಮಲಗಿದರೆ ಉಸಿರು ಸಿಗುತ್ತಿಲ್ಲ, ಎದ್ದು ಕೂತರೆ ಸ್ವಲ್ಪ ಸಿಗುತ್ತದೆ, ಎದೆಯೊಳಗೆ ಗೊರಗೊರ ಸದ್ದು. ತುಟಿ ನೀಲಿ. ಮೈ ಎತ್ತರಕ್ಕೆ ಹೊಂದಿಕೊಳ್ಳದೆ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುತ್ತಿತ್ತು. ನಮ್ಮ ರೋಡ್ ಕ್ಯಾಪ್ಟನ್, ಅಂದರೆ ಗುಂಪನ್ನು ನಡೆಸುವ ಸವಾರ, ಬೆಂಗಳೂರಿನ ಹುಡುಗ, ಅವನೇ ಅಲ್ಲಿಗೆ ಬಂದದ್ದು ಎರಡನೇ ಸಲ. ಪಾಪ, ಕೈಕಾಲು ಬಿಟ್ಟ. ಬ್ಯಾಕಪ್ ಗಾಡಿಯ ಲಡಾಖಿ ಡ್ರೈವರ್ ಒಬ್ಬರಿಗೇ ಏನಾಗುತ್ತಿದೆ ಅಂತ ತಿಳಿದಿದ್ದು.

ಈ ಕಾಯಿಲೆಗೆ ಮೊದಲ ಮದ್ದು ಕೆಳಗೆ ಇಳಿಸುವುದು. ಆದರೆ ಪ್ಯಾಂಗಾಂಗ್‌ನಿಂದ ಲೇಹ್‌ಗೆ ಬರುವ ನೇರ ದಾರಿ ಚಾಂಗ್ ಲಾ ಮೇಲೆ ಹೋಗುತ್ತದೆ, ಅದೂ 5,300 ಮೀಟರ್ ಮೇಲೆ. ಇಳಿಸಬೇಕಾದವನನ್ನು ಮೊದಲು ಸಾವಿರ ಮೀಟರ್ ಹತ್ತಿಸಬೇಕು. ಈ ಮಾತನ್ನು ಯಾವ ಪ್ಯಾಕೇಜ್‌ನಲ್ಲೂ ಬರೆದಿರುವುದನ್ನು ನಾನು ನೋಡಿಲ್ಲ. ಡ್ರೈವರ್ ಆ ಕತ್ತಲಲ್ಲಿ ಅವನನ್ನು ಚಾಂಗ್ ಲಾಕ್ಕಿಂತ ಈಚೆಗೇ ಸಿಗುವ ತಾಂಗ್ಸೆ ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದರು. ಗಾಡಿಯಲ್ಲಿದ್ದ ಒಂದೇ ಒಂದು ಆಮ್ಲಜನಕದ ಸಿಲಿಂಡರ್ ಅಲ್ಲಿಯ ತನಕ ಬಂತು. ಬೆಳಿಗ್ಗೆ ಆಂಬುಲೆನ್ಸ್‌ನಲ್ಲಿ ಆಮ್ಲಜನಕ ಕೊಡುತ್ತಲೇ ಚಾಂಗ್ ಲಾ ದಾಟಿಸಿದರು. ಲೇಹ್ ಆಸ್ಪತ್ರೆಯಲ್ಲಿ ಮೂರು ದಿನ ಇದ್ದ. ಈಗ ಚೆನ್ನಾಗಿದ್ದಾನೆ. 'ಯಾಕೋ ಹೇಳಲಿಲ್ಲ' ಅಂತ ಕೇಳಿದ್ದಕ್ಕೆ, 'ನನ್ನಿಂದ ಎಲ್ಲರ ಟ್ರಿಪ್ ಹಾಳಾಗಬಾರದು ಅಂತ ಅಣ್ಣಾ' ಅಂದ. ಆ ಮಾತು ನನಗೆ ಇನ್ನೂ ಚುಚ್ಚುತ್ತದೆ. ಒಂದು ದಿನವೂ ಸಡಿಲ ಇಲ್ಲದ ಪ್ಲಾನ್ ಮಾಡಿದರೆ ಯಾವ ಹುಡುಗ ತಾನೇ ಬಾಯಿ ಬಿಡುತ್ತಾನೆ?

ಗಟ್ಟಿ ಮೈ, ಚಿಕ್ಕ ವಯಸ್ಸು ಈ ಕಾಯಿಲೆಯನ್ನು ತಡೆಯುವುದಿಲ್ಲ. ತಡೆಯಲು ಎಲ್ಲಕ್ಕಿಂತ ಮುಖ್ಯ ದಾರಿ ನಿಧಾನವಾಗಿ ಏರುವುದು. ಮೂರು ಸಾವಿರ ಮೀಟರ್ ದಾಟಿದ ಮೇಲೆ ರಾತ್ರಿ ಮಲಗುವ ಜಾಗ ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಬಿಡುವು ಬೇಕು ಅಂತ ವೈದ್ಯರು ಹೇಳುತ್ತಾರೆ. ಡಯಾಮಾಕ್ಸ್ ಮಾತ್ರೆ ಇದೆಯಲ್ಲ ಅಂತ ಕೆಲವರು ಕೇಳುತ್ತಾರೆ. ಇದೆ, ಸಹಾಯವೂ ಆಗುತ್ತದೆ, ಆದರೆ ಅದನ್ನು ನಿಮ್ಮ ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಬಿಡುವಿನ ದಿನಕ್ಕೆ ಅದು ಬದಲಿ ಅಲ್ಲ. ರಸ್ತೆಯಲ್ಲೇ ಹೋಗುವವರಿಗೆ ಶ್ರೀನಗರದ ದಾರಿ ಒಳ್ಳೆಯದು. ನಡುವೆ ಕಾರ್ಗಿಲ್‌ನಲ್ಲಿ 2,676 ಮೀಟರ್‌ನಲ್ಲಿ ಮಲಗಬಹುದು. ಮನಾಲಿ ಕಡೆಯಿಂದ ಹೋದರೆ ಎಷ್ಟೋ ಗುಂಪುಗಳು ಎರಡನೇ ರಾತ್ರಿಗೇ ಸರ್ಚುವಿನ ಟೆಂಟ್‌ಗಳಲ್ಲಿ, ಸುಮಾರು 4,290 ಮೀಟರ್‌ನಲ್ಲಿ ಮಲಗುತ್ತವೆ. ಆ ರಾತ್ರಿ ನಿದ್ದೆ ಬಂದವರು ಕಡಿಮೆ.

ಇನ್ನು ಎರಡನೇ ಸಲದ ಮಾತು. ಕಳೆದ ವರ್ಷ ಹನ್ನೊಂದು ದಿನ ಹೋಗಿದ್ದೆ, ಲೇಹ್ ಪಕ್ಕದ ಹಳ್ಳಿಯ ಗೈಡ್ ಒಬ್ಬರ ಜೊತೆ. ದುಡ್ಡಿನ ಮಾತಿಗೆ ಮುಂಚೆ ಅವರು ಫೋನ್‌ನಲ್ಲಿ ವಯಸ್ಸು ಕೇಳಿದರು, ಬಿಪಿ ಕೇಳಿದರು. ಆಮೇಲೆ ಹೇಳಿದರು: ಮೊದಲ ಎರಡು ದಿನ ಬೈಕಿನ ಕೀ ಕೊಡುವುದಿಲ್ಲ. ನನಗೆ ಆ ಮಾತಿಗೇ ನಂಬಿಕೆ ಬಂತು.

ಮೊದಲ ದಿನ ನೀರು ಕುಡಿದು ಮಲಗಿದ್ದೇ ಕೆಲಸ. ಎರಡನೇ ದಿನ ಕತ್ತಲಿರುವಾಗಲೇ ಟ್ಯಾಕ್ಸಿಯಲ್ಲಿ ಥಿಕ್ಸೆ ಗೊಂಪಾಕ್ಕೆ ಕರೆದುಕೊಂಡು ಹೋದರು. ಗೊಂಪಾ ಅಂದರೆ ಬೌದ್ಧ ಮಠ. ಹದಿನೈದನೇ ಶತಮಾನದ್ದು, ಗುಡ್ಡದ ಮೈಗೆ ಅಂಟಿಕೊಂಡು ಹನ್ನೆರಡು ಅಂತಸ್ತು ಮೇಲೆದ್ದಿದೆ. ಬೆಳಕು ಹರಿಯುವ ಹೊತ್ತಿಗೆ ಮಾಳಿಗೆಯ ಮೇಲೆ ಇಬ್ಬರು ಭಿಕ್ಷುಗಳು ನಿಂತು ಆಳುದ್ದದ ಕಹಳೆ ಊದಿದರು. ಆ ಸದ್ದು ಕೆಳಗೆ ಸಿಂಧೂ ನದಿಯ ಬಯಲಿಗೆಲ್ಲ ಹರಡಿತು. ಒಳಗೆ ಗೋಡೆಗೆ ಒರಗಿ ನಾವು ಕೂತೆವು. ಎಂಟು ಹತ್ತು ವರ್ಷದ ಮರಿ ಭಿಕ್ಷುಗಳು ದೊಡ್ಡ ಕೆಟಲ್ ಹಿಡಿದು ಬೆಣ್ಣೆ ಹಾಕಿದ ಉಪ್ಪು ಚಹಾ ಬಗ್ಗಿಸುತ್ತಾ ಓಡಾಡುತ್ತಿದ್ದರು. ಮಂತ್ರ ಹೇಳುತ್ತಾ ಹೇಳುತ್ತಾ ಒಬ್ಬ ಮರಿ ತೂಕಡಿಸಿದ. ಪಕ್ಕದ ಹಿರಿಯರು ಮೆಲ್ಲಗೆ ಭುಜ ಮುಟ್ಟಿ ಎಬ್ಬಿಸಿದರು.

ಪೂಜೆ ಮುಗಿದ ಮೇಲೆ ಒಬ್ಬ ಭಿಕ್ಷು ನಮ್ಮ ಮಾತು ಕೇಳಿಸಿಕೊಂಡು ಹತ್ತಿರ ಬಂದರು. 'ಆರಾಮ ಅದೀರೇನ್ರೀ?' ಅಂದರು! ಮುಂಡಗೋಡಿನಲ್ಲಿ ಹತ್ತು ವರ್ಷ ಓದಿದವರಂತೆ. 1960ರ ದಶಕದಲ್ಲಿ ನಮ್ಮ ರಾಜ್ಯ ಟಿಬೆಟನ್ ನಿರಾಶ್ರಿತರಿಗೆ ಬೈಲಕುಪ್ಪೆಯಲ್ಲಿ, ಮುಂಡಗೋಡಿನಲ್ಲಿ ಜಾಗ ಕೊಟ್ಟಿತು. ಟಿಬೆಟ್‌ನ ದೊಡ್ಡ ಮಠಗಳಾದ ಸೆರಾ, ಡ್ರೆಪುಂಗ್, ಗಂದೆನ್ ಮತ್ತೆ ತಲೆ ಎತ್ತಿದ್ದು ಅಲ್ಲೇ. ಲಡಾಖ್‌ನಿಂದ, ಸ್ಪಿತಿಯಿಂದ ಹುಡುಗರು ಹೆಚ್ಚಿನ ಓದಿಗೆ ಇಲ್ಲಿಗೆ ಬರುತ್ತಾರೆ. ನಾವು ಅವರ ಮಠ ನೋಡಲು ಅಷ್ಟು ದೂರ ಹೋಗುತ್ತೇವೆ, ಅವರು ಓದಲು ನಮ್ಮೂರಿಗೆ ಬರುತ್ತಾರೆ. ಆ ಭಿಕ್ಷು ಇನ್ನೊಂದು ಮಾತು ಹೇಳಿದರು. 'ಗಾಡಿ ಮಂದಿ ಫೋಟೊ ಹೊಡಕೊಂಡು ಎದ್ದು ಹೋಗ್ತಾರ್ರೀ. ನೀವು ಕಡೀತನಕ ಕುಂತ್ರಿ, ಚಲೋ ಆತು.' ನನಗೆ ನಾಚಿಕೆ ಆಯಿತು. ಮೊದಲನೇ ಪ್ರವಾಸದಲ್ಲಿ ಇದೇ ಗೊಂಪಾದಲ್ಲಿ ನಾವು ಇದ್ದದ್ದು ಇಪ್ಪತ್ತು ನಿಮಿಷ.

ಮೂರನೇ ದಿನ ಕೀ ಸಿಕ್ಕಿತು. ಸಿಂಧೂ ನದಿಯ ಪಕ್ಕದಲ್ಲೇ ಪಶ್ಚಿಮಕ್ಕೆ, ನಿಮ್ಮೂ ಹತ್ತಿರ ಝನ್ಸ್ಕಾರ್ ನದಿ ಬಂದು ಸೇರುವ ಜಾಗ ನೋಡಿಕೊಂಡು, ಸುಮಾರು 65 ಕಿಲೋಮೀಟರ್ ದೂರದ ಆಲ್ಚಿಗೆ. ಒಳ್ಳೆ ಟಾರು ರಸ್ತೆ, ಲೇಹ್‌ಗಿಂತ ತಗ್ಗು. ಆಲ್ಚಿಯ ಗುಡಿಗಳು ಹೊರಗಿನಿಂದ ಮಣ್ಣಿನ ಮನೆಗಳ ಹಾಗೆ ಕಾಣುತ್ತವೆ. ಬಾಗಿಲಲ್ಲಿ ಬಗ್ಗಿ ಒಳಗೆ ಹೋಗಬೇಕು. ಕತ್ತಲೆ. ಕಣ್ಣು ಹೊಂದಿಕೊಳ್ಳಲು ಐದು ನಿಮಿಷ ಬೇಕು, ಅಲ್ಲೇ ಎಷ್ಟೋ ಜನ 'ಏನೂ ಇಲ್ಲ' ಅಂತ ಹೊರಗೆ ಬಂದುಬಿಡುತ್ತಾರೆ. ಸುಮ್ನೆ ನಿಂತುಕೊಳ್ಳಿ. ಸುಮ್ತ್ಸೆಕ್ ಅನ್ನುವ ಮೂರು ಅಂತಸ್ತಿನ ಗುಡಿಯಲ್ಲಿ ಮೂರು ದೊಡ್ಡ ಬೋಧಿಸತ್ವರ ಮೂರ್ತಿಗಳಿವೆ, ಅವು ಎಷ್ಟು ಎತ್ತರ ಅಂದರೆ ಅವುಗಳ ತಲೆ ಇರುವುದು ಮೇಲಿನ ಅಂತಸ್ತಿನಲ್ಲಿ. ಮೂರೂ ಮೂರ್ತಿಗಳು ಉಟ್ಟ ಪಂಚೆಗಳ ಮೇಲೆ ಪುಟ್ಟ ಪುಟ್ಟ ಚಿತ್ರಗಳು. ಮೈತ್ರೇಯನ ಪಂಚೆಯ ಮೇಲೆ ಬುದ್ಧನ ಬದುಕಿನ ಕಥೆ, ಅವಲೋಕಿತೇಶ್ವರನ ಪಂಚೆಯ ಮೇಲೆ ಕಾಶ್ಮೀರದ ಗುಡಿಗಳು, ಅರಮನೆಗಳು, ಮಂಜುಶ್ರೀಯ ಪಂಚೆಯ ಮೇಲೆ ಸಿದ್ಧರು. ಎಂಟುನೂರು ವರ್ಷಕ್ಕೂ ಹಳೆಯ ಬಣ್ಣ. ಒಳಗೆ ಫೋಟೊ ತೆಗೆಯುವ ಹಾಗಿಲ್ಲ. ಹಾಗಾಗಿ ಫೋಟೊಗಾಗಿಯೇ ಮಾಡಿದ ಪ್ಯಾಕೇಜ್‌ಗಳು ಆಲ್ಚಿಯನ್ನು ಬಿಟ್ಟೇ ಬಿಡುತ್ತವೆ.

ನಾನು ಹೇಳಬೇಕಾದದ್ದು ಇಷ್ಟೇ ಸರ್. ಶೇ, ಥಿಕ್ಸೆ, ಹೆಮಿಸ್, ಲಿಕಿರ್, ಆಲ್ಚಿ, ಇವೆಲ್ಲ ಇರುವುದು ಲೇಹ್‌ನ ಎತ್ತರದ ಆಸುಪಾಸಿನಲ್ಲೇ. ಮೈ ಆ ಗಾಳಿಗೆ ಹೊಂದಿಕೊಳ್ಳಲು ಬೇಕಾದ ದಿನಗಳೂ, ಈ ಗೊಂಪಾಗಳನ್ನು ಸಮಾಧಾನವಾಗಿ ನೋಡಲು ಬೇಕಾದ ದಿನಗಳೂ ಒಂದೇ. ಪ್ಯಾಕೇಜ್ ಅಗ್ಗ ಮಾಡಲು ಆ ಎರಡು ಮೂರು ದಿನ ಕತ್ತರಿಸಿದರೆ ಎರಡೂ ಹೋಗುತ್ತವೆ. ಉಳಿಯುವುದು ಖರ್ದುಂಗ್ ಲಾ ಬೋರ್ಡ್ ಪಕ್ಕ ನಿಂತ ಫೋಟೊ ಮತ್ತು ತಲೆನೋವು. ಈಗ 19,024 ಅಡಿಯ ಉಮ್ಲಿಂಗ್ ಲಾಕ್ಕೂ ಗುಂಪುಗಳು ಹೊರಡುತ್ತಿವೆ, ಅವಸರ ಮಾತ್ರ ಕಡಿಮೆ ಆಗಿಲ್ಲ.

ಸ್ಥಳೀಯ ಗೈಡ್ ಇದ್ದರೆ ದಾರಿಯಲ್ಲೂ ವ್ಯತ್ಯಾಸ ಗೊತ್ತಾಗುತ್ತದೆ. ನಮ್ಮನ್ನು ಅವರು ಬೆಳಿಗ್ಗೆ ಆರಕ್ಕೇ ಹೊರಡಿಸುತ್ತಿದ್ದರು. ಯಾಕೆಂದರೆ ಬಿಸಿಲೇರಿದ ಹಾಗೆ ಮೇಲೆ ಹಿಮ ಕರಗುತ್ತದೆ, ರಸ್ತೆಗೆ ಅಡ್ಡ ಹರಿಯುವ ಹಳ್ಳ ಬೆಳಿಗ್ಗೆ ಪಾದ ಮುಳುಗುವಷ್ಟು ಇದ್ದದ್ದು ಮಧ್ಯಾಹ್ನಕ್ಕೆ ಸೈಲೆನ್ಸರ್ ಮುಳುಗುವಷ್ಟಾಗುತ್ತದೆ. ರಸ್ತೆ ನಡುವೆ ಚೋರ್ಟೆನ್ ಬಂದರೆ, ಅಂದರೆ ಸ್ತೂಪ ಬಂದರೆ, ಅದನ್ನು ಬಲಕ್ಕೆ ಬಿಟ್ಟುಕೊಂಡೇ ಹೋಗುತ್ತಿದ್ದರು. ಮಂತ್ರ ಕೆತ್ತಿದ ಕಲ್ಲುಗಳ ಮಣಿ ಗೋಡೆಗೂ ಹಾಗೆಯೇ. ನಾವು ದೇವಸ್ಥಾನಕ್ಕೆ ಪ್ರದಕ್ಷಿಣೆ ಹಾಕುವ ಹಾಗೇ ಅಲ್ವಾ? ಹಳ್ಳಿ ಬಂದರೆ ವೇಗ ತಗ್ಗಿಸಿ, ಕಂಡವರಿಗೆಲ್ಲ 'ಜುಲೆ' ಅಂತ ನಮಸ್ಕಾರ ಹೇಳಿ ಮುಂದೆ ಹೋಗುತ್ತಿದ್ದರು. ಸೈಲೆನ್ಸರ್ ಬದಲಾಯಿಸಿದ ಬೈಕ್‌ಗಳನ್ನು ಅವರು ಗುಂಪಿಗೇ ಸೇರಿಸಿಕೊಳ್ಳುವುದಿಲ್ಲ. ಗಿಡಮರ ಇಲ್ಲದ ಕಣಿವೆಯಲ್ಲಿ ಆ ಸದ್ದು ಬಂಡೆಯಿಂದ ಬಂಡೆಗೆ ಬಡಿದು ಗೊಂಪಾದೊಳಗೆ ಬರುತ್ತದೆ. ದಯವಿಟ್ಟು ಅದನ್ನು ನಮ್ಮೂರಿನಲ್ಲೇ ಬಿಚ್ಚಿಟ್ಟು ಹೋಗಿ.

ಪ್ರವಾಸ ನಡೆಸುವವರನ್ನು ನಾನು ದೂರುತ್ತಿಲ್ಲ, ಅವರಲ್ಲಿ ಒಳ್ಳೆಯವರೂ ಇದ್ದಾರೆ. ಲೇಹ್‌ನಲ್ಲಿ ಎರಡು ಪೂರ್ತಿ ದಿನ ಬಿಡುವು, ಗುಂಪಿನ ಕೊನೆಯಲ್ಲಿ ಅನುಭವ ಇರುವ ಒಬ್ಬ ಸವಾರ, ಒಂದಕ್ಕಿಂತ ಹೆಚ್ಚು ಆಮ್ಲಜನಕದ ಸಿಲಿಂಡರ್, ಬೆರಳಿಗೆ ಹಾಕಿ ನೋಡುವ ಆಕ್ಸಿಮೀಟರ್, ಜೊತೆಗೆ ಅಲ್ಲಿಯವರೇ ಆದ ಗೈಡ್ ಇರಲಿ ಅಂತ ಕೇಳುತ್ತೇನೆ. ಇಲ್ಲಿಂದ ಜನರನ್ನು ಅಷ್ಟು ಎತ್ತರಕ್ಕೆ ಕರೆದೊಯ್ಯುವವರಿಗೆ ಇಷ್ಟನ್ನಾದರೂ ಕಡ್ಡಾಯ ಮಾಡುವುದನ್ನು ನಮ್ಮ ಪ್ರವಾಸೋದ್ಯಮ ಇಲಾಖೆ ಯೋಚಿಸಬೇಕು. ನಿಮ್ಮಲ್ಲೂ ಒಂದು ಕೋರಿಕೆ. ಇಂಥ ಪ್ರವಾಸದ ಬರಹ ಹಾಕುವಾಗ ಯಾವ ರಾತ್ರಿ ಎಷ್ಟು ಎತ್ತರದಲ್ಲಿ ಮಲಗಿದರು ಅಂತ ಪಕ್ಕದಲ್ಲಿ ಒಂದು ಸಣ್ಣ ಪಟ್ಟಿ ಹಾಕಿ. ಓದುವ ಹುಡುಗರು ಅದನ್ನೇ ನೋಡಿ ಪ್ಲಾನ್ ಮಾಡುತ್ತಾರೆ.

ನಮ್ಮ ಬೀದಿಯ ಆ ಇಬ್ಬರಿಗೆ ಒಂದು ಹಾಳೆಯಲ್ಲಿ ಹತ್ತು ದಿನದ ಪ್ಲಾನ್ ಬರೆದುಕೊಟ್ಟಿದ್ದೇನೆ. 'ರಜೆ ಸಿಗಲ್ಲ ಅಂಕಲ್' ಅಂದರು. ಹಾಗಾದರೆ ಈ ವರ್ಷ ಪ್ಯಾಂಗಾಂಗ್ ಬಿಡಿ, ಲೇಹ್ ಸುತ್ತಮುತ್ತ ಆರು ದಿನ ಆಲ್ಚಿ, ಲಾಮಾಯುರು ನೋಡಿಕೊಂಡು ಬನ್ನಿ ಅಂದೆ. ಒಬ್ಬ ಒಪ್ಪಿದ್ದಾನೆ. ಇನ್ನೊಬ್ಬನ ತಾಯಿ ಹತ್ತಿರ ನಾಳೆ ಮಾತಾಡಬೇಕು. ಹೋಗುವ ಕಾಲ ಬೇಸಿಗೆ ಆದರೂ ಬುಕಿಂಗ್ ಈಗಲೇ ಶುರುವಾಗಿದೆ, ಅದಕ್ಕೇ ಈ ಪತ್ರವನ್ನು ಆದಷ್ಟು ಬೇಗ ಪ್ರಕಟಿಸಿ.

ಇಂತಿ,
ನಿಮ್ಮ ಓದುಗ,
ತಿಪಟೂರು